ಸಂಘದ ಜೊತೆ ಕೂರುವ ಕಸುಬು



ವಯನಾಡು ಜಿಲ್ಲೆಯ ವೈತ್ತಿರಿ ತಾಲ್ಲೂಕಿನಲ್ಲಿ ಸುಗಂಧಗಿರಿ ಎಂಬ ಜಾಗವಿದೆ. ಆ ಸೀಮೆಯಲ್ಲಿ ಒಂದು ಕಾಲಕ್ಕೆ ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆಗೆ ಜಮೀನ್ದಾರರು ಬಂದು, ಪಣಿಯ, ಅಡಿಯ ಆದಿವಾಸಿಗಳನ್ನು ಮುಂದಿನ ಜಾತ್ರೆಯವರೆಗೆ ಎಂದು ಜೀತಕ್ಕೆ ಗೊತ್ತುಮಾಡಿಕೊಂಡು ಹೋಗುತ್ತಿದ್ದರು. 1976ರಲ್ಲಿ ಜೀತ ನಿಷೇಧದ ಕಾನೂನು ಬಂತು. ಬಿಡುಗಡೆಯಾದ ಕುಟುಂಬಗಳಿಗೂ ಭೂಮಿಯಿಲ್ಲದ ಇತರ ಆದಿವಾಸಿಗಳಿಗೂ ಬದುಕು ಕಟ್ಟಿಕೊಡಬೇಕೆಂದು ಸರ್ಕಾರ ಸುಗಂಧಗಿರಿಯಲ್ಲಿ ಏಲಕ್ಕಿ ತೋಟ ಎಬ್ಬಿಸಿತು. ಇದೇ ಉದ್ದೇಶದಿಂದ ಪೂಕೋಡಿನಲ್ಲಿ ಹೈನುಗಾರಿಕೆ ಬಂತು, ಮಾನಂದವಾಡಿ ಕಡೆ ಪ್ರಿಯದರ್ಶಿನಿ ಚಹಾ ತೋಟ ಬಂತು. ಎಲ್ಲವೂ ಸಾಮೂಹಿಕ ಸಂಘಗಳು. ಆದಿವಾಸಿಗಳೇ ಸದಸ್ಯರು, ಹೆಸರಿಗೆ ತೋಟವೂ ಅವರದೇ.

ಸುಗಂಧಗಿರಿಗೆ ದುಡ್ಡು ಬಂದಿತ್ತು, ಏಲಕ್ಕಿ ಸಸಿ ಬಂದಿತ್ತು, ತೋಟಗಾರಿಕೆ ಬಲ್ಲವರ ಸಲಹೆಯೂ ಬಂದಿತ್ತು. ಆದರೆ ಇಂದು ಯಾವ ಸಾಲಿನಲ್ಲಿ ಕಳೆ ತೆಗೆಯಬೇಕು, ಈ ಸಲದ ಏಲಕ್ಕಿಯನ್ನು ಯಾರಿಗೆ ಮಾರಬೇಕು, ಉಳಿದ ಹಣ ಏನು ಮಾಡಬೇಕು ಎಂಬ ತೀರ್ಮಾನವೆಲ್ಲ ಅಧಿಕಾರಿಗಳ ಮೇಜಿನ ಮೇಲೆ ಆಗುತ್ತಿತ್ತು. ಸದಸ್ಯರು ಬೆಳಿಗ್ಗೆ ಹಾಜರಿ ಹಾಕಿಸಿಕೊಂಡು, ಸಂಜೆ ಕೂಲಿ ಎಣಿಸಿಕೊಂಡು ಮನೆಗೆ ಹೋಗುವವರಾಗಿಯೇ ಉಳಿದರು. ತೋಟ ನಷ್ಟಕ್ಕೆ ಬಿತ್ತು. ಕಡೆಗೆ ಈ ಶತಮಾನದ ಮೊದಲ ವರ್ಷಗಳಲ್ಲಿ ಸಾಮೂಹಿಕ ಬೇಸಾಯವನ್ನೇ ಕೈಬಿಟ್ಟು ಭೂಮಿಯನ್ನು ಕುಟುಂಬಗಳಿಗೆ ಹಂಚಬೇಕಾಯಿತು. ಏಲಕ್ಕಿಯ ರೋಗ, ಬೆಲೆಯ ಏರಿಳಿತ, ಆಡಳಿತದ ವೆಚ್ಚ, ಹೀಗೆ ಈ ಸೋಲಿಗೆ ಹಲವು ಕಾರಣ ಹೇಳುತ್ತಾರೆ. ಅವೆಲ್ಲ ಇದ್ದಿರಬಹುದು. ನಾನು ಮುಖ್ಯವೆಂದು ಹಿಡಿಯುವುದು ಒಂದನ್ನೇ: ತಪ್ಪು ತೀರ್ಮಾನ ಮಾಡಿ, ಅದನ್ನು ತಾವೇ ತಿದ್ದಿಕೊಳ್ಳುವ ಅವಕಾಶ ಆ ಸದಸ್ಯರಿಗೆ ಎಂದೂ ಸಿಗಲಿಲ್ಲ. ಅವರ ಜೊತೆ ಕೂತು, "ಈ ಸಂಘ ನಿಮ್ಮದು ಅಂತೀರಲ್ಲ, ಹಾಗಾದರೆ ಇಲ್ಲಿ ಯಾವ ಮಾತು ನಿಮ್ಮದು?" ಎಂದು ಕೇಳುವವರು ಯಾರೂ ಇರಲಿಲ್ಲ.

ಹಾಗೆ ಕೇಳುವುದೇ ಒಂದು ಕಸುಬು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಆರ್ಗನೈಸೇಷನ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಕಸುಬಿನವರ ಬಾಯಲ್ಲಿ ಬರಿಯ ಓ.ಡಿ. ನಮ್ಮ ಸ್ವಯಂಸೇವಾ ಸಂಸ್ಥೆಗಳು ಸಾಂಸ್ಥಿಕ ಸಾಮರ್ಥ್ಯ ವರ್ಧನೆ ಎಂಬ ಹೆಸರಿನಲ್ಲಿ ಅದನ್ನೇ ಮಾಡುತ್ತವೆ. ನಾನು ಮೈಸೂರಿನಲ್ಲಿದ್ದುಕೊಂಡು ಎಚ್.ಡಿ.ಕೋಟೆ, ಬಾವಲಿ ದಾಟಿ ವಯನಾಡಿನ ಕಡೆಗೂ ಈ ಕೆಲಸಕ್ಕೆ ಹೋಗಿಬರುವವನು. ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವುದು ಕಷ್ಟ. ಬೇಸಾಯ ಕಲಿಸುತ್ತೀಯಾ ಎಂದರೆ ಇಲ್ಲ, ಸಾಲ ಕೊಡಿಸುತ್ತೀಯಾ ಎಂದರೆ ಇಲ್ಲ, ಲೆಕ್ಕ ಬರೆಯುತ್ತೀಯಾ ಎಂದರೆ ಅದೂ ಇಲ್ಲ. ಸಂಘದ ಜನ ಹೇಗೆ ಕೂರುತ್ತಾರೆ, ಯಾರು ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ, ತೀರ್ಮಾನ ಸಭೆಯಲ್ಲಿ ಆಗುತ್ತದೋ ಸಭೆಗೆ ಮೊದಲೇ ಆಗಿರುತ್ತದೋ ಎಂಬುದನ್ನು ಗಮನಿಸಿ, ಅದು ಅವರಿಗೇ ಕಾಣುವಂತೆ ಮಾಡುವುದು ನನ್ನ ಕೆಲಸ.

ಸಲಹೆಗಾರರಲ್ಲಿ ಮೂರು ಬಗೆ ಎಂದು ಅಮೆರಿಕದ ಎಡ್ಗರ್ ಶೈನ್ 1969ರಲ್ಲೇ ವಿಂಗಡಿಸಿ ಬರೆದರು. ತನಗೆ ಗೊತ್ತಿರುವ ವಿದ್ಯೆಯನ್ನು ಮಾರುವವನು ಒಬ್ಬ. ವೈದ್ಯನ ಹಾಗೆ ನಾಡಿ ಹಿಡಿದು, ಕಾಯಿಲೆಯ ಹೆಸರು ಹೇಳಿ, ಔಷಧಿ ಬರೆದುಕೊಡುವವನು ಇನ್ನೊಬ್ಬ. ಮೂರನೆಯವನು ಸಂಘದವರ ಪಕ್ಕದಲ್ಲೇ ಕೂತು, ಅವರ ತೊಂದರೆಯನ್ನು ಅವರೇ ಗುರುತಿಸಿ ಅವರೇ ದಾರಿ ಹುಡುಕುವಂತೆ ನೆರವಾಗುವವನು. ತಾಂತ್ರಿಕ ವಿಷಯಕ್ಕೆ ಮೊದಲ ಇಬ್ಬರು ಬೇಕೇ ಬೇಕು. ಕಾಳುಮೆಣಸಿಗೆ ಸೊರಗು ರೋಗ ಬಂದಾಗ ಬಳ್ಳಿಯ ಬುಡದಲ್ಲಿ ಕೂತು ಚರ್ಚೆ ಮಾಡಿದರೆ ರೋಗ ಹೋಗುವುದಿಲ್ಲ. ಆದರೆ ಸಂಘದೊಳಗಿನ ಕಾಯಿಲೆಗೆ ಹೊರಗಿನವರು ಬರೆದುಕೊಟ್ಟ ಔಷಧಿ ನಾಟುವುದು ತೀರ ಅಪರೂಪ ಎಂದು ನಾನು ನಂಬಿದ್ದೇನೆ.

ಈ ಮೂರನೆಯ ದಾರಿ ಹೊಳೆದ ಬಗೆಯನ್ನು ಹೇಳಲೇಬೇಕು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನೋವಿಜ್ಞಾನಿ ಕುರ್ಟ್ ಲೆವಿನ್, 1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಜನಾಂಗ ಜನಾಂಗಗಳ ನಡುವಿನ ಬಿರುಕನ್ನು ತಗ್ಗಿಸುವ ಮುಖಂಡರನ್ನು ತಯಾರು ಮಾಡುವುದು ಉದ್ದೇಶ. ಹಗಲು ತರಬೇತಿ, ಸಂಜೆ ಲೆವಿನ್ ಮತ್ತು ಅವರ ಸಂಗಡಿಗರು ಕೂತು, ಯಾವ ಗುಂಪಿನಲ್ಲಿ ಯಾರು ಹೇಗೆ ನಡೆದುಕೊಂಡರು ಎಂದು ಟಿಪ್ಪಣಿ ನೋಡಿ ಮಾತಾಡಿಕೊಳ್ಳುತ್ತಿದ್ದರು. ಒಂದು ಸಂಜೆ ತರಬೇತಿಗೆ ಬಂದಿದ್ದ ಕೆಲವರು ತಾವೂ ಕೂತು ಕೇಳಬಹುದೇ ಎಂದರು. ಉಳಿದವರು ಮುಜುಗರಪಟ್ಟರೂ ಲೆವಿನ್ ಒಪ್ಪಿದರು. ಒಬ್ಬ ಹೆಂಗಸಿನ ನಡವಳಿಕೆಯ ಮಾತು ಬಂದಾಗ ಆಕೆ ಅಲ್ಲೇ ಇದ್ದಳು. ಅದು ಹಾಗಲ್ಲ, ಹೀಗೆ ಎಂದು ವಾದಿಸಿದಳು. ಮಾತು ಕಾವೇರಿತು. ಮರುದಿನ ಸಂಜೆಯಿಂದ ಹೆಚ್ಚು ಹೆಚ್ಚು ಜನ ಬಂದು ಕೂತರು. ಹಗಲಿನ ಪಾಠಕ್ಕಿಂತ, ತಮ್ಮದೇ ನಡವಳಿಕೆಯನ್ನು ಕುರಿತ ಆ ಸಂಜೆಯ ಮಾತಿನಿಂದ ಅವರು ಹೆಚ್ಚು ಕಲಿತರು. ಲೆವಿನ್ 1947ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಬೇಸಿಗೆಯಲ್ಲಿ ಮೇನ್ ರಾಜ್ಯದ ಬೆಥೆಲ್ ಎಂಬ ಊರಿನಲ್ಲಿ ಅವರ ಸಹೋದ್ಯೋಗಿಗಳು ಹಾಕಿದ ತರಬೇತಿಯಿಂದ ಈ ವಿದ್ಯೆ ಲೋಕಕ್ಕೆಲ್ಲ ಹರಡಿತು.

ಭಾರತಕ್ಕೂ ಅದು ಬೇಗನೆ ಬಂತು. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಕೆಲಸ ಮಾಡಿದರು. ಹೊಸ ಸ್ವಯಂಚಾಲಿತ ಮಗ್ಗ ತಂದಿದ್ದರೂ ಉತ್ಪಾದನೆ ಏರಿರಲಿಲ್ಲ. ಹನ್ನೆರಡು ಬಗೆಯ ಕೆಲಸ, ಒಬ್ಬೊಬ್ಬನಿಗೆ ಒಂದೊಂದು. ಒಂದು ಮಗ್ಗ ನಿಂತರೆ ಅದು ಯಾರ ಹೊಣೆ ಎಂದು ಹೇಳುವವರಿಲ್ಲ. ಒಂದಷ್ಟು ಮಗ್ಗಗಳಿಗೆ ಒಂದು ಚಿಕ್ಕ ತಂಡವೇ ಹೊಣೆಯಾದರೆ ಹೇಗೆ ಎಂದು ರೈಸ್ ಕೇಳಿದರು. ಕಾರ್ಮಿಕರು ಅದನ್ನು ತಕ್ಷಣ ಕೈಗೆತ್ತಿಕೊಂಡು ತಮ್ಮ ತಂಡಗಳನ್ನು ತಾವೇ ಆರಿಸಿಕೊಂಡರು. ಬಟ್ಟೆ ಹೆಚ್ಚಿತು, ಹಾಳಾಗುವುದು ಕಡಿಮೆಯಾಯಿತು.

ನಮ್ಮ ಮೈಸೂರಿಗೂ ಇದರಲ್ಲಿ ಪಾಲಿದೆ. ಐವತ್ತರ ದಶಕದ ಕೊನೆಗೆ ಮೈಸೂರಿನ ಪಕ್ಕದ ಇಲವಾಲದಲ್ಲಿ ಆಲೋಕ ಎಂಬ ತರಬೇತಿ ಕೇಂದ್ರವಿತ್ತು. ಬೇರೆ ಬೇರೆ ದೇಶಗಳ ಯುವಜನ ಅಲ್ಲಿಗೆ ಬಂದು ಒಟ್ಟಿಗೆ ಇದ್ದು ಕಲಿಯುತ್ತಿದ್ದರು. ಅದನ್ನು ನಡೆಸಿದ ರೋಲ್ಫ್ ಲಿಂಟನ್ ಆ ಅನುಭವವನ್ನು 1960ರಲ್ಲಿ ಪುಸ್ತಕವಾಗಿ ಬರೆದರು. ಮುಂದೆ ಅವರೂ ಉದಯ್ ಪಾರೀಕರೂ ಸೇರಿ 1967ರಲ್ಲಿ ಹೊರತಂದ ತರಬೇತಿಯ ಪುಸ್ತಕವನ್ನು ಈ ಕಸುಬಿನವರು ಇಂದಿಗೂ ಓದುತ್ತಾರೆ.

ಹಳ್ಳಿಯ ಸಂಘಗಳ ಮಟ್ಟಿಗೆ ದೊಡ್ಡ ಪಾಠ ಬಂದದ್ದು ಮೈರಾಡದಿಂದ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಸಂಸ್ಥೆ ಅದು. ಆಮೇಲೆ ಕರ್ನಾಟಕದ ಬಡಜನರ ನಡುವೆ ಕೆಲಸಕ್ಕೆ ಇಳಿಯಿತು. 1984-85ರ ಹೊತ್ತಿಗೆ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಜಗಳವಾಗಿ ಒಡೆಯತೊಡಗಿದವು. ಸಾಲ ಪಡೆದವರು ಚಿಕ್ಕ ಚಿಕ್ಕ ಗುಂಪಾಗಿ ಬಂದು, ಸೊಸೈಟಿಗೆ ಕಟ್ಟುವುದಿಲ್ಲ, ಬೇಕಾದರೆ ನಿಮಗೇ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನೀವು ನೀವೇ ನಂಬುವ ಈ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಮೈರಾಡ. ಒಬ್ಬರನ್ನೊಬ್ಬರು ಬಲ್ಲ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುವ ಗುಂಪುಗಳು ಅಲ್ಲಿ ಮೊದಲೇ ಇದ್ದವು. ಮೈರಾಡದವರು ಮಾಡಿದ್ದು ಅದನ್ನು ಕಂಡದ್ದು, ಹೆಸರಿಟ್ಟದ್ದು. 1987ರಲ್ಲಿ ನಬಾರ್ಡ್ ಈ ಗುಂಪುಗಳ ಉಳಿತಾಯಕ್ಕೆ ಜೊತೆಗೂಡಿಸಲು 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮೈರಾಡವನ್ನು ಬಹುಕಾಲ ಮುನ್ನಡೆಸಿದ ಅಲೋಷಿಯಸ್ ಫರ್ನಾಂಡಿಸ್ ಮತ್ತೆ ಮತ್ತೆ ಒತ್ತಿ ಹೇಳುತ್ತ ಬಂದದ್ದು ಇದನ್ನೇ: ಹಣಕ್ಕಿಂತ ಮೊದಲು ಸಂಸ್ಥೆ.

ಈಗ ವಯನಾಡಿನ ಒಂದು ಕಾಫಿ ಬೆಳೆಗಾರರ ಕಂಪನಿಯ ಸಂಗತಿ. ಹೆಸರು ಬೇಡ. ಸಣ್ಣ ಹಿಡುವಳಿದಾರರು ಷೇರು ಹಾಕಿ ಕಟ್ಟಿದ ಕಂಪನಿ. ಸದಸ್ಯರಿಂದ ರೋಬಸ್ಟಾ ಚೆರ್ರಿ ಕೊಂಡು, ಒಟ್ಟಾಗಿ ಮಾರಿ, ನಾಲ್ಕು ಕಾಸು ಹೆಚ್ಚು ಕೊಡಬೇಕೆಂಬುದು ಅದರ ಗುರಿ. ವಯನಾಡಿನ ರೋಬಸ್ಟಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದ್ದರಿಂದ ಒಳ್ಳೆಯ ಕಾಲ ಬಂತೆಂದು ಎಲ್ಲರೂ ನಂಬಿದ್ದರು. ಆದರೆ ಸದಸ್ಯರು ಕೊಯ್ಲು ಮುಗಿದ ಕೂಡಲೇ ಚೀಲಗಳನ್ನು ಪೇಟೆಯ ವ್ಯಾಪಾರಿಗೇ ಹಾಕುತ್ತಿದ್ದರು. ಆಡಳಿತ ಮಂಡಳಿಯವರು ನನ್ನನ್ನು ಕರೆಸಿದಾಗ ಅವರ ಕೈಯಲ್ಲಿ ಉತ್ತರ ಸಿದ್ಧವಿತ್ತು: ಸದಸ್ಯರಿಗೆ ನಿಷ್ಠೆ ಇಲ್ಲ, ಒಂದು ತರಬೇತಿ ಕೊಡಿ.

ತರಬೇತಿ ಆಮೇಲೆ ನೋಡೋಣ, ಮೊದಲು ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸುತ್ತೇನೆ ಎಂದೆ. ಈ ಕಸುಬಿನಲ್ಲಿ ಇದು ಮೊದಲ ಹೆಜ್ಜೆ, ಬಹಳ ಸಮಯ ತಿನ್ನುವ ಹೆಜ್ಜೆ. ನಿರ್ದೇಶಕರು, ಗುಮಾಸ್ತ, ಗೋದಾಮಿನ ಹುಡುಗ, ಚೀಲ ಹಾಕುವವರು, ಚೀಲ ಹಾಕದೆ ಬಿಟ್ಟವರು, ಅವರ ಮನೆಯ ಹೆಂಗಸರು. ಯಾರು ಹೇಳಿದರು ಎಂಬುದು ನನ್ನಿಂದ ಹೊರಗೆ ಹೋಗುವುದಿಲ್ಲ, ಏನು ಹೇಳಿದರು ಎಂಬುದು ಮಾತ್ರ ಎಲ್ಲರ ಮುಂದೆ ಬರುತ್ತದೆ ಎಂದು ಮೊದಲೇ ತಿಳಿಸಿರಬೇಕು. ಈ ಒಂದು ಮಾತಿಗೆ ತಪ್ಪಿದ ಸಲಹೆಗಾರನಿಗೆ ಆ ಊರಿನಲ್ಲಿ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಮಾತಾಡುತ್ತ ಹೋದ ಹಾಗೆ ವಿಷಯ ಬೇರೆ ಕಡೆಗೆ ತಿರುಗಿತು. ಕಾಫಿಯವರಿಗೆ ಗೊತ್ತು: ಒಣಗಿದ ಚೆರ್ರಿಗೆ ದರ ಕಟ್ಟುವುದು ಔಟ್‌ಟರ್ನ್ ನೋಡಿ. ಚೀಲದಿಂದ ಒಂದಿಷ್ಟು ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ತೇವಾಂಶ ಹೆಚ್ಚಿದ್ದರೆ ಅದಕ್ಕೂ ಕಡಿತ. ಅರ್ಧ ಕಿಲೋ ವ್ಯತ್ಯಾಸವಾದರೂ ಬೆಳೆಗಾರನ ಕೈಗೆ ಬರುವ ಹಣ ಬದಲಾಗುತ್ತದೆ. ಈ ಕಂಪನಿಯಲ್ಲಿ ಆ ಪರೀಕ್ಷೆ ಒಳಗಿನ ಕೋಣೆಯಲ್ಲಿ ನಡೆಯುತ್ತಿತ್ತು. ಯಂತ್ರ ಅಲ್ಲಿದೆ, ಕರೆಂಟಿನ ಪ್ಲಗ್ ಅಲ್ಲಿದೆ ಎಂಬುದಷ್ಟೇ ಕಾರಣ. ಯಾರಿಗೂ ಮೋಸದ ಉದ್ದೇಶ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ರೈತನಿಗೆ ಚೀಟಿಯಲ್ಲಿ ಒಂದು ಅಂಕಿ ಬರುತ್ತಿತ್ತು. ಪೇಟೆಯ ವ್ಯಾಪಾರಿ ಅರ್ಧ ಕಿಲೋ ಕಡಿಮೆಯೇ ಹಿಡಿಯುತ್ತಿದ್ದನೇನೋ. ಆದರೆ ರೈತನ ಎದುರಿಗೇ ತೂಗುತ್ತಿದ್ದ, ಅಂದೇ ಸಂಜೆ ಹಣ ಎಣಿಸಿ ಕೊಡುತ್ತಿದ್ದ. ಕಂಪನಿಯ ಹಣ ಬ್ಯಾಂಕಿಗೆ ಬರುವುದು ವಾರಗಳಾದ ಮೇಲೆ, ಯಾವ ವಾರ ಎಂಬುದು ಖಾತ್ರಿಯಿಲ್ಲ.

ಎಲ್ಲರೂ ಹೇಳಿದ್ದನ್ನು, ಹೆಸರಿಲ್ಲದೆ, ಅವರದೇ ಮಾತುಗಳಲ್ಲಿ ದೊಡ್ಡ ಹಾಳೆಗಳ ಮೇಲೆ ಬರೆದು ಸಭೆಯ ದಿನ ಗೋಡೆಗೆ ಅಂಟಿಸಿದೆ. ಆಡಳಿತ ಮಂಡಳಿಯವರೂ ಇಪ್ಪತ್ತು ಮೂವತ್ತು ಸದಸ್ಯರೂ ಎದ್ದು ನಿಂತು, ಹಾಳೆಯಿಂದ ಹಾಳೆಗೆ ನಡೆದು ಓದಿದರು. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿದರು. ಕುರ್ಚಿಗಳನ್ನು ಸಾಲಾಗಿ ಇಡುವ ಬದಲು ದುಂಡಗೆ ಇಡಿಸಿದ್ದೆ. ನಿರ್ದೇಶಕರಿಗೆ ಬೇರೆ ಮೇಜು ಇರಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ಸಲಹೆಗಾರ ಬಾಯಿ ಹಾಕಬಾರದು. ಹಾಕಿದರೆ ಸಭೆ ಅವನದಾಗಿಬಿಡುತ್ತದೆ. ಕಡೆಗೆ ವಯಸ್ಸಾದ ಬೆಳೆಗಾರರೊಬ್ಬರು ಅಧ್ಯಕ್ಷರ ಕಡೆಗೆ ತಿರುಗಿ, "ನಾನು ನಿಮ್ಮನ್ನ ಕಳ್ಳ ಅಂತ ಯಾವತ್ತೂ ಅಂದಿಲ್ಲ. ಆದರೆ ನನ್ನ ಕಾಫಿ ಒಳಗೆ ಹೋಗಿ ಏನಾಯ್ತು ಅಂತ ನನಗೆ ಗೊತ್ತಾಗಲ್ಲವಲ್ಲ" ಎಂದರು. ಅಧ್ಯಕ್ಷರು ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಅವರು ಗುಮಾಸ್ತನನ್ನು ಕರೆದು, ಯಂತ್ರವನ್ನು ಜಗಲಿಗೆ ತರಲು ಎಷ್ಟು ಉದ್ದದ ವೈರ್ ಬೇಕು ಎಂದು ಕೇಳಿದರು.

ಯಂತ್ರ ಜಗಲಿಗೆ ಬಂತು. ಹಣ ಕೊಡುವ ದಿನ ನಿಗದಿಯಾಯಿತು. ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಅಂದೇ ಸಂಜೆ ರೊಕ್ಕ ಬೇಕಾದ ಬಡ ಬೆಳೆಗಾರರು ಇವತ್ತಿಗೂ ವ್ಯಾಪಾರಿಗೇ ಹಾಕುತ್ತಾರೆ, ಅದಕ್ಕೆ ದುಡಿಯುವ ಬಂಡವಾಳ ಬೇಕು, ಕುರ್ಚಿ ದುಂಡಗೆ ಇಟ್ಟರೆ ಬಂಡವಾಳ ಹುಟ್ಟುವುದಿಲ್ಲ. ಆದರೆ ನಿಷ್ಠೆ ಇಲ್ಲ ಎಂಬ ಮಾತು ಆ ಕಂಪನಿಯ ಸಭೆಯಲ್ಲಿ ಮತ್ತೆ ಕೇಳಿಬಂದಿಲ್ಲ.

ವಯನಾಡಿನಲ್ಲಿ ಈ ವಿದ್ಯೆ ನನ್ನಂಥ ಹೊರಗಿನವರ ಕೈಯಲ್ಲಿ ಮಾತ್ರ ಇಲ್ಲ. ಅದನ್ನು ಅತಿ ಚೆನ್ನಾಗಿ ಮಾಡುವವರು ಅಲ್ಲಿನ ಹೆಂಗಸರು. 1998ರ ಮೇ 17ರಂದು ಮಲಪ್ಪುರದಲ್ಲಿ ಅಂದಿನ ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದ, ಕೇರಳದ ಹೆಂಗಸರ ಸಂಘಟನೆ ಕುಡುಂಬಶ್ರೀಯನ್ನು ನೀವು ಬಲ್ಲಿರಿ. ಅದರ ಬುಡದಲ್ಲಿರುವುದು ಅಯಲ್‌ಕೂಟ್ಟಂ, ಅಂದರೆ ನೆರೆಮನೆಯ 10ರಿಂದ 20 ಹೆಂಗಸರ ಕೂಟ. ಅದರ ಮೇಲೆ ವಾರ್ಡಿನ ಮಟ್ಟದ ಸಂಘ. ಅದರ ಮೇಲೆ ಪಂಚಾಯಿತಿ ಮಟ್ಟದ ಸಿ.ಡಿ.ಎಸ್. ಎಂಬ ಒಕ್ಕೂಟ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಕೂಟಕ್ಕೆ ಅಧ್ಯಕ್ಷೆ, ಕಾರ್ಯದರ್ಶಿಯ ಜೊತೆಗೆ ಆರೋಗ್ಯಕ್ಕೆ ಒಬ್ಬರು, ವರಮಾನದ ಕೆಲಸಕ್ಕೆ ಒಬ್ಬರು, ನೀರು ರಸ್ತೆಗಳಂಥ ಸೌಕರ್ಯಕ್ಕೆ ಒಬ್ಬರು ಎಂದು ಹೊಣೆ ಹಂಚಿರುತ್ತದೆ. ಒಬ್ಬರ ಕೈಯಲ್ಲೇ ಎಲ್ಲ ಕೂಡಿಹಾಕಬಾರದೆಂಬ ಎಚ್ಚರ ಈ ರಚನೆಯಲ್ಲೇ ಇದೆ.

ಪನಮರಂ ಕಡೆಯ ಒಂದು ಮನೆಯ ಜಗಲಿಯಲ್ಲಿ ನಾನು ನೋಡಿದ ಕೂಟವನ್ನು ಹೇಳುತ್ತೇನೆ. ಕಾರ್ಯದರ್ಶಿ ಹೋದ ವಾರದ ನಡಾವಳಿ ಓದಿದಳು. ಉಳಿತಾಯದ ಪುಸ್ತಕಗಳು ಕೈಯಿಂದ ಕೈಗೆ ಹೋದವು. ಸಾಲ ಕೇಳಿದಾಕೆ ಯಾತಕ್ಕೆ ಎಂದು ಎಲ್ಲರೆದುರು ಹೇಳಿದಳು: ಮಗಳ ನರ್ಸಿಂಗ್ ಶುಲ್ಕ. ಇನ್ನೊಬ್ಬಾಕೆ ತನ್ನ ಸರದಿ ಬಿಟ್ಟುಕೊಟ್ಟಳು. ಅಂದು ಲೆಕ್ಕ ನೋಡಲು ಬಂದಿದ್ದವಳು ಕುಡುಂಬಶ್ರೀಯದೇ ಲೆಕ್ಕಪರಿಶೋಧಕರ ತಂಡದ ಯುವತಿ, ಪಕ್ಕದ ಪಂಚಾಯಿತಿಯ ಕುಡುಂಬಶ್ರೀ ಮನೆಯವಳೇ, ಬಿ.ಕಾಂ. ಓದಿದವಳು. ಅವಳು ಒಂದು ನಮೂದಿನ ಮೇಲೆ ಬೆರಳಿಟ್ಟು, ಎರಡು ವಾರದ ಉಳಿತಾಯ ಒಂದೇ ದಿನ ಬರೆದಂತಿದೆ ಎಂದಳು. ತಪ್ಪು ಎಂದು ಹೇಳಲಿಲ್ಲ. "ಚೇಚಿ, ಆ ವಾರ ಕೂಟ ಸೇರಿತ್ತಾ?" ಎಂದಷ್ಟೇ ಕೇಳಿದಳು. ಸೇರಿರಲಿಲ್ಲ, ಶುಂಠಿ ಕೀಳುವ ಕೆಲಸಕ್ಕೆ ಅರ್ಧ ಜನ ಗುಂಡ್ಲುಪೇಟೆ ಕಡೆ ಹೋಗಿದ್ದರು. ಆಮೇಲೆ ಆ ಕೂಟದವರು ಮಾತಾಡಿಕೊಂಡದ್ದು ಲೆಕ್ಕದ ವಿಷಯ ಬಿಟ್ಟು, ಶುಂಠಿಯ ಕಾಲದಲ್ಲಿ ಕೂಟವನ್ನು ಯಾವ ದಿನ, ಯಾವ ಹೊತ್ತಿಗೆ ಸೇರಿಸಬೇಕು ಎಂಬುದನ್ನು. ಶೈನ್ ಹೇಳಿದ ಮೂರನೆಯ ಬಗೆಯ ಸಲಹೆ ಎಂದರೆ ಇದು. ಆ ಯುವತಿ ಶೈನ್ ಹೆಸರು ಕೇಳಿರಬೇಕಾಗಿಲ್ಲ.

ಇಂಥ ಲೆಕ್ಕಪರಿಶೋಧಕರ ಜೊತೆಗೆ ಕಿರು ಉದ್ದಿಮೆಗಳಿಗೆ ಸಲಹೆ ಕೊಡುವ ಹೆಂಗಸರ ತಂಡಗಳೂ ಇವೆ. ಉಪ್ಪಿನಕಾಯಿ ಘಟಕ, ಹೊಲಿಗೆ ಘಟಕ, ಕ್ಯಾಂಟೀನು ನಡೆಸುವವರಿಗೆ ಲಾಭ ನಷ್ಟ ಬಿಡಿಸಿ ತೋರಿಸುವುದು ಅವರ ಕೆಲಸ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಕುಡುಂಬಶ್ರೀಯನ್ನು ರಾಷ್ಟ್ರೀಯ ಸಂಪನ್ಮೂಲ ಸಂಸ್ಥೆ ಎಂದು ಗುರುತಿಸಿದ ಮೇಲೆ ಇವರಲ್ಲಿ ಎಷ್ಟೋ ಜನ ಜಾರ್ಖಂಡ್, ಬಿಹಾರ, ಅಸ್ಸಾಂ, ಕರ್ನಾಟಕಕ್ಕೂ ಹೋಗಿ, ಅಲ್ಲಿನ ಸಂಘಗಳ ಜೊತೆ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡಿದರು. ಮನೆ, ಅಂಗಳ, ವಾರ್ಡು ದಾಟಿರದಿದ್ದ ಹೆಂಗಸರು ಪರಭಾಷೆಯ ಹಳ್ಳಿಯಲ್ಲಿ ಸಲಹೆಗಾರರಾದರು. ನಮ್ಮ ದೇಶದಲ್ಲಿ ಈ ಕಸುಬಿಗೆ ಇದಕ್ಕಿಂತ ದೊಡ್ಡ ಗೌರವ ಬಂದದ್ದನ್ನು ನಾನು ಕಾಣೆ.

ಆದರೂ ಆದಿವಾಸಿಗಳ ಊರುಗಳಲ್ಲಿ ಈ ಕೂಟಗಳು ಬೇಗ ಬೇರುಬಿಡಲಿಲ್ಲ. 2011ರ ಜನಗಣತಿಯ ಪ್ರಕಾರ ವಯನಾಡಿನ ಜನಸಂಖ್ಯೆ 8 ಲಕ್ಷ ಮೀರಿತ್ತು. ಅದರಲ್ಲಿ ನೂರಕ್ಕೆ 18ಕ್ಕೂ ಹೆಚ್ಚು ಆದಿವಾಸಿಗಳು. ಬೇರೆಯವರ ಜೊತೆ ಒಂದೇ ಕೂಟದಲ್ಲಿ ಕೂತಾಗ ಪಣಿಯ ಹೆಂಗಸರು ಬಾಗಿಲ ಹೊರಗೆ ಕೂರುತ್ತಿದ್ದರು, ಇಲ್ಲವೇ ಬರುವುದನ್ನೇ ಬಿಡುತ್ತಿದ್ದರು. ವಾರದ ಉಳಿತಾಯ ಕಟ್ಟಲಾಗದ ವಾರ ನಾಚಿಕೆಯಿಂದ ತಪ್ಪಿಸಿಕೊಳ್ಳುತ್ತಿದ್ದರು. ಹಾಗಾಗಿ ತಿರುನೆಲ್ಲಿ ಪಂಚಾಯಿತಿಯಲ್ಲಿ ಕುಡುಂಬಶ್ರೀ ಆದಿವಾಸಿಗಳಿಗೆಂದೇ ವಿಶೇಷ ಕಾರ್ಯಕ್ರಮ ಹಾಕಿಕೊಂಡಿತು. ಅವರದೇ ಕೂಟ, ಕೂಟಗಳಿಗೆ ನೆರವಾಗಲು ಅವರದೇ ಸಮುದಾಯದಿಂದ ಆರಿಸಿದ ಆನಿಮೇಟರುಗಳು. ಅಲ್ಲಿನ ಬೆಟ್ಟಕುರುಬರ, ಜೇನುಕುರುಬರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ. ಬಾವಲಿಯಿಂದ ಈಚೆಗೆ ಇರುವ ಹಾಡಿಗಳಲ್ಲೂ ಅವರ ನೆಂಟರಿದ್ದಾರೆ.

ಅದೇ ತಿರುನೆಲ್ಲಿಯ ಇರುಂಬುಪಾಲಂ ಎಂಬಲ್ಲಿ ಬೆಟ್ಟಕುರುಬ ಹೆಂಗಸರು ಹತ್ತು ಮಂದಿ ಕೂಡಿ ನೂರಾಂಗ್ ಎಂಬ ಗೆಡ್ಡೆಗೆಣಸಿನ ತೋಟ ಮಾಡಿದ್ದಾರೆ. ಕಾಡಿನಿಂದ, ಹಿತ್ತಲುಗಳಿಂದ ತಂದ ನೂರಕ್ಕೂ ಮಿಕ್ಕ ಬಗೆಯ ಗೆಡ್ಡೆಗಳು ಅಲ್ಲಿವೆ. ಹಸಿವಿನ ಕಾಲದ ತಿಂಡಿ ಎಂದು ಮಕ್ಕಳು ಮರೆಯುತ್ತಿದ್ದ ಗೆಡ್ಡೆಗಳವು. ಯಾವುದನ್ನು ನೆಡಬೇಕು, ಯಾವುದನ್ನು ಯಾವಾಗ ಅಗೆಯಬೇಕು, ಬೀಜದ ಗೆಡ್ಡೆ ಕೇಳಿ ಬಂದವರಿಗೆ ಎಷ್ಟು ಕೊಡಬೇಕು ಎಂಬ ವಿದ್ಯೆ ಆ ಹೆಂಗಸರದು. ಕಾರ್ಯಕ್ರಮದವರು ನಿಂತದ್ದು ಬೆನ್ನ ಹಿಂದೆ. ಸುಗಂಧಗಿರಿಯ ಏಲಕ್ಕಿಗೂ ಈ ಗೆಡ್ಡೆಗೂ ನಡುವೆ ಹಲವು ದಶಕಗಳ ಅಂತರವಿದೆ. ಆ ಅಂತರದಲ್ಲಿ ಸರ್ಕಾರ ಕಲಿತದ್ದೇನಾದರೂ ಇದ್ದರೆ ಅದು ಇರುಂಬುಪಾಲಂನಲ್ಲಿದೆ.

ಇನ್ನು ನನ್ನನ್ನು ಕಾಡುವ ಸಂಗತಿ. ಕೇಂದ್ರ ಸರ್ಕಾರ 2020ರ ಫೆಬ್ರವರಿ 29ರಂದು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಗೆ ಚಾಲನೆ ಕೊಟ್ಟಿತು. ಒಂದೊಂದು ಸಂಸ್ಥೆಗೆ ಮೂರು ವರ್ಷದಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು. ಕೈಹಿಡಿದು ನಡೆಸಲು ಸಿ.ಬಿ.ಬಿ.ಓ. ಎಂಬ ಸಲಹಾ ಸಂಸ್ಥೆಗಳು. ಅವುಗಳಿಗೆ ಐದು ವರ್ಷದ ಅವಧಿ. ಯೋಜನೆ ಒಳ್ಳೆಯದು, ಐದು ವರ್ಷ ಕೊಟ್ಟದ್ದೂ ಒಳ್ಳೆಯದು. ಆದರೆ ಕ್ಷೇತ್ರದಲ್ಲಿ ನಾನು ಕಾಣುವುದು: ನೋಂದಣಿಯಾಯಿತೇ, ಸದಸ್ಯರು ಎಷ್ಟಾದರು, ತರಬೇತಿ ಎಷ್ಟು ನಡೆಯಿತು, ಫೋಟೋ ಇದೆಯೇ, ಸಹಿ ಇದೆಯೇ ಎಂಬ ಪಟ್ಟಿ ತುಂಬುವುದರಲ್ಲೇ ಸಲಹೆಗಾರರ ಹಗಲು ಕಳೆಯುತ್ತದೆ. ಮಹಾಸಭೆಯ ಠರಾವುಗಳನ್ನು ಕಚೇರಿಯಲ್ಲೇ ಬರೆದು ತಂದು ಸಹಿ ಹಾಕಿಸುವುದನ್ನು ಕಂಡಿದ್ದೇನೆ. ಆಗ ರೈತ ಸಂಸ್ಥೆ ಎಂಬುದು ಸಲಹೆಗಾರರ ಸಂಸ್ಥೆಯೇ ಆಗುತ್ತದೆ. ಜಗಲಿಯ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಕೂತು ಕೇಳಿದ್ದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ, ದುಡ್ಡೂ ಇಲ್ಲ. ಕಾಲಂ ಮಾಡಬೇಕು, ದುಡ್ಡು ಕೊಡಬೇಕು ಎಂದು ನಾನು ಎಲ್ಲ ವೇದಿಕೆಯಲ್ಲೂ ಕೇಳುತ್ತೇನೆ. ಕುಡುಂಬಶ್ರೀಯ ಸಲಹೆಗಾರ್ತಿಯರಿಗೆ, ಆನಿಮೇಟರುಗಳಿಗೆ ಸಿಗುವ ಗೌರವಧನ ಅವರ ಕೆಲಸದ ತೂಕಕ್ಕೆ ಏನೇನೂ ಸಾಲದು. ಅದನ್ನು ಸೇವೆ ಎಂದು ಹೊಗಳಿ ಕಡಿಮೆ ಕೊಡುವುದು ಅನ್ಯಾಯ.

ಸಲಹೆಗಾರನನ್ನು ಕರೆಸಬೇಕೆಂದಿರುವ ಸಂಘಗಳು ಕೇಳುತ್ತಿದ್ದರೆ ಒಂದು ಮಾತು. ಅವನು ಬಂದ ದಿನವೇ, ನೀವು ಯಾವಾಗ ಹೋಗುತ್ತೀರಿ ಎಂದು ಕೇಳಿ. ಹೋದಮೇಲೆ ಅವನ ಕೆಲಸವನ್ನು ನಿಮ್ಮಲ್ಲಿ ಯಾರು ಮಾಡುತ್ತಾರೆ ಎಂಬುದನ್ನೂ ಅಂದೇ ಬರೆಸಿಕೊಳ್ಳಿ. ಇದಕ್ಕೆ ತಡವರಿಸುವವನನ್ನು ಇಟ್ಟುಕೊಳ್ಳಬೇಡಿ.

ಈ ಕಸುಬು ಇವತ್ತು ಅತಿ ಹೆಚ್ಚು ಬೇಕಾಗಿರುವುದು ಮೇಪ್ಪಾಡಿ ಪಂಚಾಯಿತಿಯಲ್ಲಿ. 2024ರ ಜುಲೈ 30ರ ನಸುಕಿನಲ್ಲಿ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದದ್ದು ನಮಗೆಲ್ಲ ನೆನಪಿದೆ. ತೀರಿಕೊಂಡವರಲ್ಲಿ ನಮ್ಮ ಮಂಡ್ಯ, ಚಾಮರಾಜನಗರ ಕಡೆಯವರೂ ಇದ್ದರು. ಬದುಕುಳಿದವರು ಜಿಲ್ಲೆಯ ಉದ್ದಗಲ ಬಾಡಿಗೆ ಮನೆಗಳಿಗೆ ಚದುರಿದರು. ಒಂದೊಂದು ಕುಟುಂಬಕ್ಕೂ ಮುಂದೇನು ಬೇಕು ಎಂಬ ಸೂಕ್ಷ್ಮ ಯೋಜನೆಯನ್ನು ಮನೆ ಮನೆಗೆ ಹೋಗಿ ತಯಾರಿಸಿದವರು ಕುಡುಂಬಶ್ರೀಯವರು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಟೌನ್‌ಶಿಪ್‌ಗೆ 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾಯಿತು. ತಲಾ 7 ಸೆಂಟ್ ಜಾಗ, 1000 ಚದರ ಅಡಿಯ ಮನೆ. ಕಟ್ಟುವ ಹೊಣೆ ಹೊತ್ತದ್ದು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ, 1925ರಿಂದ ಬಾಳಿಕೊಂಡು ಬಂದ ಸಂಘ.

ಗೋಡೆ ಕಟ್ಟುವ ಕೆಲಸ ಅವರದು. ಅಯಲ್‌ಕೂಟ್ಟಂ ಏನಾಗಬೇಕು? ಅದು ನೆರೆಮನೆಯವರ ಕೂಟ; ಹೊಸ ಬೀದಿಯಲ್ಲಿ ನೆರೆಮನೆಯವರು ಬೇರೆಯವರಾಗುತ್ತಾರೆ. ಹಳೆಯ ಕೂಟದಲ್ಲಿ ಉಳಿದಿರುವ ಅರ್ಧ ಜನರೇ ಮುಂದುವರಿಯಬೇಕೇ, ಇಲ್ಲ ಹೊಸ ಸಾಲಿನವರ ಜೊತೆ ಹೊಸ ಪುಸ್ತಕ ತೆರೆಯಬೇಕೇ? ಚೂರಲ್‌ಮಲ ಶಾಖೆಯಲ್ಲಿ ಮೃತರ ಸಾಲವನ್ನು ಕೇರಳ ಬ್ಯಾಂಕ್ ಮನ್ನಾ ಮಾಡಿತು. ಆದರೆ ಕೂಟದೊಳಗಿನ ಸಾಲ ಬ್ಯಾಂಕಿನ ಹಣವಲ್ಲ, ಆ ಹೆಂಗಸರೇ ವಾರವಾರ ಕೂಡಿಟ್ಟದ್ದು. ತೀರಿಕೊಂಡ ಗೆಳತಿಯ ಹೆಸರಿನಲ್ಲಿ ಉಳಿದ ಬಾಕಿಯನ್ನು ಏನು ಮಾಡಬೇಕು, ಅವಳ ಉಳಿತಾಯ ಯಾರಿಗೆ ಸೇರಬೇಕು? ಆದೇಶ ಹೊರಡಿಸಿ ಇದನ್ನು ಒಂದು ದಿನದಲ್ಲಿ ಬಗೆಹರಿಸಬಹುದು. ಹಾಗೆ ಮಾಡಬೇಡಿ ಎಂಬುದು ನನ್ನ ಕಳಕಳಿಯ ಮನವಿ. ಆ ಹೆಂಗಸರು ಕೂತು, ಅತ್ತು, ಮಾತಾಡಿ, ತಾವೇ ತೀರ್ಮಾನಿಸಲು ಬಿಡಬೇಕು. ಅವರ ಜೊತೆ ಕೂರಲು ದೂರದ ಊರಿನ ತಜ್ಞರು ಬೇಡ. ಅಯಲ್‌ಕೂಟ್ಟಂ ನಡೆಸಿ ಗೊತ್ತಿರುವ ವಯನಾಡಿನ ಹೆಂಗಸರನ್ನೇ, ಪೂರಾ ಸಂಬಳ ಕೊಟ್ಟು, ಒಂದೆರಡು ವರ್ಷಕ್ಕೆ ಅಲ್ಲಿಗೆ ಕಳಿಸಬೇಕು.